ಲೆದರ್ ಸೀಟು, ಹೇರ್ಳೆ ಮಾಷ್ಟ್ರ ಮೂಗು

ಜೂನ್ 11, 2008, ಬುಧವಾರ

ಏಳನೇ ಕ್ಲಾಸಿನಲ್ಲಿ ಹೇರ್ಳೆ ಮಾಷ್ಟ್ರು ದಿನಚರಿ ಬರೆಸುತ್ತಿದ್ದರು. ಬರೆಯದವನಿಗೆ ಬೆತ್ತ. ಆಮೇಲೆ ಮೂವತ್ತಾರು ವರ್ಷ ನಾನು ಬರೆದದ್ದು ಸಹಿ ಮಾತ್ರ. ಸೊಸೈಟಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಅಕ್ಕಿ ಡಬ್ಬಿಯ ಮೇಲೆ ಖಾಲಿ ಬಿದ್ದಿತ್ತು. ಇವತ್ತು ತೆಗೆದೆ. ಮನಸ್ಸು ನಿಂತಲ್ಲಿ ನಿಲ್ಲುತ್ತಿಲ್ಲ. ಹೆಂಡತಿ ಬಾಗಿಗೆ ಹೇಳಿದರೆ ನಗುತ್ತಾಳೆ, ಅದಕ್ಕೆ ಇಲ್ಲಿ ಬರೆಯುತ್ತೇನೆ.

ಕಾರು ಬಂತು. ತಲ್ಲೂರಿನ ರತ್ನಾಕರ ಶೆಟ್ರದ್ದು. ಅವರಿಗೆ ಮುಂಬೈಯಲ್ಲಿ ಹೋಟೆಲು. ಊರಿಗೆ ಬಂದಾಗ ಓಡಿಸಲು ಇಟ್ಟುಕೊಂಡಿದ್ದ ಆರು ವರ್ಷದ ಬಿಳಿ ಕಾರು. ಒಳಗೆ ಕಂದು ಬಣ್ಣದ ಲೆದರ್ ಸೀಟು. ಕೀ ಕೊಡುವಾಗ ಶೆಟ್ರು ಹೇಳಿದ್ದು ಒಂದೇ ಮಾತು: “ದೇವು, ಇಂಜಿನ್ ಹಾಳಾರೆ ಮಾಡ್ಸ್ಲಕ್ಕ್. ಸೀಟ್ ಹಾಳಾರೆ ಗಾಡಿ ಮರ್ಯಾದಿಯೇ ಹೋಯ್ತ್. ತಿಂಗ್ಳಿಗ್ ಎರಡ್ ಸಲ ಎಂತಾರೂ ಹಚ್ಚಿ ಒರ್ಸ್ಕ್.” ಎಂತ ಹಚ್ಚುವುದು ಎಂದು ಕೇಳುವಷ್ಟರಲ್ಲಿ ಮುಂಬೈ ಬಸ್ಸು ಬಂತು.

ದೋಣಿಯಲ್ಲಿದ್ದ ನನ್ನ ಪಾಲು ಮಾರಿ ತೆಗೆದುಕೊಂಡ ಕಾರು ಇದು. ಬಲಗೈ ಹೆಗಲಿನಿಂದ ಮೇಲೆ ಏರುವುದಿಲ್ಲ, ಬಲೆ ಎಳೆಯುವುದು ಇನ್ನು ಸಾಧ್ಯವಿಲ್ಲ. ತ್ರಾಸಿ ಕಡಲ ಬದಿಗೆ ಹೊಸ ರೆಸಾರ್ಟ್ ಆಗಿದೆಯಲ್ಲ, ಅದರ ಮ್ಯಾನೇಜರ್ ರೋಹನ್ ಎಂಬವರು ಸೆಪ್ಟೆಂಬರ್ 26ಕ್ಕೆ ಕಾರು ನೋಡುತ್ತೇನೆ ಎಂದಿದ್ದಾರೆ. ಒಪ್ಪಿದರೆ ನವರಾತ್ರಿಯಿಂದ ಅವರ ಗಿರಾಕಿಗಳೆಲ್ಲ ನನ್ನ ಕಾರಿಗೆ: ಬೈಂದೂರು ಸ್ಟೇಷನ್ನಿನಿಂದ ರೆಸಾರ್ಟಿಗೆ, ರೆಸಾರ್ಟಿನಿಂದ ಕೊಲ್ಲೂರಿಗೆ. ಒಪ್ಪದಿದ್ದರೆ ಹಿಂದೆ ಹೋಗಲು ನನಗೆ ಸಮುದ್ರವಿಲ್ಲ. “ಸೀಟ್ ನೀಟಾಗಿರಬೇಕು, ವಾಸನೆ ಇರಬಾರದು,” ಎಂದು ಅವರು ಎರಡು ಸಲ ಹೇಳಿದರು.

ಅದಕ್ಕೇ ಇವತ್ತೇ ಮನೆಯಲ್ಲಿ ಕಾನೂನು ಮಾಡಿದೆ. ಮೀನಿನ ಬುಟ್ಟಿ, ಮೀನು ಮುಟ್ಟಿದ ಕೈ, ಮೀನಿನ ಸೀರೆ ಮೂರೂ ಕಾರಿನಿಂದ ಹತ್ತು ಅಡಿ ದೂರ. ಬಾಗಿ ಆಗಷ್ಟೇ ಮೀನು ಮಾರಿ ಬಂದು ಬುಟ್ಟಿ ಇಳಿಸುತ್ತಿದ್ದಳು. “ಹಂಗಾರೆ ನಾನ್ ಎಲ್ಲ್ ಉಳ್ದೆ?” ಎಂದು ನಕ್ಕಳು. ನಗುವ ವಿಷಯವಲ್ಲ ಎಂದೆ.

ಜೂನ್ 24, ಮಂಗಳವಾರ

ಸೀಟಿಗೆ ಬೂಷ್ಟು ಬಂದಿದೆ. ಉಪ್ಪಿನಕಾಯಿ ಭರಣಿಯ ಬಾಯಿಗೆ ಬರುವಂಥದ್ದೇ, ಬಿಳಿ ಹಸಿರು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮೂರನೇ ದಿನ ಮತ್ತೆ ಬಂತು, ಮೊದಲಿಗಿಂತ ಹೆಚ್ಚು.

ಕುಂದಾಪುರಕ್ಕೆ ಹೋಗಿ ಕಾರಿನ ಸಾಮಾನು ಮಾರುವ ಅಂಗಡಿಯಲ್ಲಿ ವಿಚಾರಿಸಿದೆ. ಫಾರಿನ್ನಿನ ಒಂದು ಬಾಟಲಿ ತೋರಿಸಿದರು, ಕೆಮ್ಮಿನ ಔಷಧಿಯಷ್ಟು ಗಾತ್ರ, ಏಳುನೂರ ಎಂಬತ್ತು ರೂಪಾಯಿ. ನಾಲ್ಕು ಸಲಕ್ಕೆ ಬರುತ್ತದಂತೆ. ಒಂದು ಸಲದ ಮಾತಾಗಿದ್ದರೆ ಕಣ್ಣು ಮುಚ್ಚಿ ತರುತ್ತಿದ್ದೆ. ತಿಂಗಳಿಗೆ ಎರಡು ಸಲ, ವರ್ಷವಿಡೀ ಹಚ್ಚಬೇಕು ಎಂದರೆ ಕಾರು ನನ್ನನ್ನು ಸಾಕುವುದೋ, ನಾನು ಕಾರನ್ನು ಸಾಕುವುದೋ? ಮುಖ ನೋಡಿ ಅಂಗಡಿಯವನು ತೊಂಬತ್ತು ರೂಪಾಯಿಯ ಇನ್ನೊಂದು ಬಾಟಲಿ ತೆಗೆದ. “ಇದ್ ಹಾಕಿ ಕಾಣಿ, ಕನ್ನಡಿ ಹಾಂಗೆ ಹೊಳಿತ್ತ್.” ಅದನ್ನೇ ತಂದೆ.

ಜುಲೈ 1, ಮಂಗಳವಾರ

ಹೊಳೆಯಿತು. ಸುಳ್ಳು ಹೇಳಬಾರದು, ಕನ್ನಡಿಯ ಹಾಗೇ ಹೊಳೆಯಿತು.

ಬೆಳಿಗ್ಗೆ ಬೈಂದೂರು ಸ್ಟೇಷನ್ನಿನಲ್ಲಿ ಕೇರಳದ ಅಜ್ಜ ಅಜ್ಜಿ ಸಿಕ್ಕಿದರು, ಕೊಲ್ಲೂರಿಗೆ. ಅಜ್ಜಿ ರೇಷ್ಮೆ ಸೀರೆ ಉಟ್ಟಿದ್ದರು. ಕಾಡಿನ ಮೊದಲ ತಿರುವಿನಲ್ಲೇ ಎಡಬಾಗಿಲಿನಲ್ಲಿದ್ದ ಅಜ್ಜಿ ಜಾರಿ ಬಂದು ಅಜ್ಜನ ಮೇಲೆ ಕುಳಿತರು. ಎರಡನೇ ತಿರುವಿಗೆ ಅಜ್ಜ ಅಜ್ಜಿ ಇಬ್ಬರೂ ಒಟ್ಟಿಗೆ ಆಚೆ. ನಾನು ಎಷ್ಟು ನಿಧಾನ ಹೋದರೂ ಅವರು ಹಿಂದೆ ಸರ್ರನೆ ಓಡಾಡುತ್ತಲೇ ಇದ್ದರು. ಕಡೆಗೆ ಅಜ್ಜಿ ಎರಡೂ ಕೈಯಲ್ಲಿ ಬಾಗಿಲ ಹಿಡಿ ಹಿಡಿದು ದೇವಿಯ ಹೆಸರು ಹೇಳತೊಡಗಿದರು. ಕೊಲ್ಲೂರು ಇನ್ನೂ ಒಂಬತ್ತು ಮೈಲು ಇತ್ತು.

ವಾಪಸು ಹೋಗಲು ಅವರು ಜೀಪು ಹಿಡಿದರು. ಬಾಟಲಿಯಲ್ಲಿ ಉಳಿದದ್ದನ್ನು ತೆಂಗಿನ ಬುಡಕ್ಕೆ ಚೆಲ್ಲಿದೆ.

ಜುಲೈ 6, ಭಾನುವಾರ

ತೆಂಗಿನೆಣ್ಣೆ ಹಚ್ಚಿದೆ. ಒಬ್ಬರ ಬಿಳಿ ಪಂಚೆಯ ಹಿಂಭಾಗಕ್ಕೆ ಸೀಟಿನ ಅಚ್ಚು ಬಿತ್ತು. ಬಾಡಿಗೆ ಕೇಳಲಿಲ್ಲ.

ಜುಲೈ 14, ಸೋಮವಾರ

ದಾರಿ ಸಿಕ್ಕಿತು ಅನಿಸುತ್ತದೆ.

ಗುಡ್ಡಣ್ಣ ಬಂದಿದ್ದರು. ಎಪ್ಪತ್ತೆರಡು ವರ್ಷ, ನಾನು ಮೊದಲು ಹತ್ತಿದ ದೋಣಿಯ ತಾಂಡೇಲರು, ಚುಕ್ಕಾಣಿ ಹಿಡಿದವರು. ಕಾರಿನ ಸುತ್ತ ಒಂದು ಸುತ್ತು ಹಾಕಿ ಬಾಗಿಲು ತೆಗೆದು ಸೀಟು ಒತ್ತಿ ನೋಡಿದರು, ಹಲಗೆ ಒತ್ತಿ ನೋಡುವ ಹಾಗೆ. “ಇದಕ್ಕ್ ಅಂಗ್ಡಿ ಸಾಮಾನ್ ಎಂತಕೆ ಮಗಾ? ನಮ್ ದೋಣಿ ಮರ ನಲ್ವತ್ ವರ್ಷ ಉಪ್ಪ್ ನೀರಂಗೆ ಇತ್ತಲ್ದಾ, ಲಡ್ಡ್ ಆಯ್ತಾ? ಎಂತರಿಂದ? ಮೀನೆಣ್ಣಿಯಿಂದ. ಮರಕ್ಕ್ ಆಪುದ್ ಚರ್ಮಕ್ಕ್ ಆಗ್ದಾ?”

ಮಾತು ಸರಿ ಕಂಡಿತು. ಬೈಗೆ ಮೀನಿನ ಎಣ್ಣೆ, ಚೆನ್ನಾಗಿ ಕಾಯಿಸಿ ಸೋಸಿದ್ದು, ಒಂದು ಸೀಸೆ ಅವರೇ ಕೊಟ್ಟರು, ಪುಕ್ಕಟೆ. ಆದರೂ ನಾನು ಕುರುಡನ ಹಾಗೆ ಹಚ್ಚಲಿಲ್ಲ. ಮೊದಲು ಮೂಲೆಯಲ್ಲಿ ಅಂಗೈ ಅಗಲಕ್ಕೆ ಹಚ್ಚಿ ಒಣಗಲು ಬಿಟ್ಟೆ. ಮೂಸಿದೆ, ಏನೂ ಇಲ್ಲ. ಮಗಳು ನವ್ಯಶ್ರೀಯನ್ನು ಕರೆದು ಮೂಸಿಸಿದೆ, ಏನೂ ಇಲ್ಲ ಎಂದಳು. ಗುಡ್ಡಣ್ಣನೂ ಮೂಸಿ ತಲೆಯಾಡಿಸಿದರು. ಬಾಗಿಯನ್ನು ಕೇಳಿದಾಗ ಮಾತ್ರ, “ನಮ್ ಮೂಗಿಗ್ ಎಂತ ಗೊತ್ತಾತ್ತ್?” ಎಂದು ಒಳಗೆ ಹೋದಳು. ಅವಳಿಗೆ ಎಲ್ಲದರಲ್ಲೂ ಒಂದು ಕೊಂಕು ಇರಲೇಬೇಕು.

ನಾಲ್ಕೂ ಸೀಟಿಗೆ ಹಚ್ಚಿದೆ. ನೀರು ಕುಡಿದ ಹಾಗೆ ಕುಡಿಯಿತು.

ಜುಲೈ 23, ಬುಧವಾರ

ಮಳೆ ಬಿಟ್ಟಿಲ್ಲ. ಸೀಟು ಬೆಣ್ಣೆ. ಬೂಷ್ಟು ಒಂದು ಚುಕ್ಕಿ ಇಲ್ಲ. ಹಾಗಿದ್ದರೂ ಕೂತಲ್ಲಿ ಕೂರಲು ಆಗುವುದಿಲ್ಲ, ಇವತ್ತು ಹದಿನಾಲ್ಕು ಸಲ ಎದ್ದು ಹೋಗಿ ನೋಡಿದೆ. ಹದಿನೈದನೇ ಸಲಕ್ಕೆ ಬಾಗಿ ಕಾರಿನ ಪಕ್ಕದ ಹಗ್ಗದಲ್ಲಿ ಸೀರೆ ಒಣಗಿಸುತ್ತಿದ್ದಳು. ಹಗ್ಗ ಬಿಚ್ಚಿಸಿ ಹಿತ್ತಲಿಗೆ ಕಟ್ಟಿಸಿದೆ. ಬಾಡಿಗೆ ಇರುವ ದಿನ ಮನೆಯಲ್ಲಿ ಮೀನು ಹುರಿಯಬಾರದು ಎಂದೂ ಹೇಳಿದ್ದೇನೆ.

ನಾಲ್ಕು ದಿನದಿಂದ ಸೌತೆಕಾಯಿ ಹುಳಿ. ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಇವಳಿಗೆ ಬೇರೆ ಏನೂ ಮಾಡಲು ಬರುವುದಿಲ್ಲವೋ ಏನೋ.

ಆಗಸ್ಟ್ 12, ಮಂಗಳವಾರ

ಇವತ್ತಿನದ್ದು ಬರೆಯಲೂ ನಾಚಿಕೆ.

ಬ್ರಹ್ಮಾವರದ ಒಂದು ಕುಟುಂಬ, ಮಗುವಿಗೆ ಅಕ್ಷರಾಭ್ಯಾಸ ಮಾಡಿಸಲು ಕೊಲ್ಲೂರಿಗೆ ಹೊರಟಿತ್ತು. ತಿಂಗಳ ಮೇಲೆ ಮೊದಲ ಬಿಸಿಲು, ಚುರುಕು ಬಿಸಿಲು. ಗಾಜು ಏರಿಸಿ ಎ.ಸಿ. ಹಾಕಿದೆ. ಕೋಟ ಬರುವಷ್ಟರಲ್ಲಿ ಹಿಂದಿನವರು ಗಾಜು ಇಳಿಸಿದರು. ಹೆಂಗಸು ಸೆರಗು ಮೂಗಿಗೆ ಒತ್ತಿದ್ದು ಕನ್ನಡಿಯಲ್ಲಿ ಕಂಡಿತು. ಮಗು ವಾಂತಿ ಬರುತ್ತದೆ ಎಂದಿತು. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಯಜಮಾನರು ನಿಲ್ಲಿಸಲು ಹೇಳಿದರು. “ಬೇಜಾರ್ ಮಾಡ್ಕಣ್ಬೇಡಿ. ದೇವಸ್ಥಾನಕ್ ಹೋಪುದಲ್ದಾ. ಕಾರಂಗೆ ಮೀನ್ ತಕಂಡ್ ಹೋಯ್ತ್ರಿಯಾ ನೀವ್?” ಅಷ್ಟು ದೂರದ ಹಣ ಕೈಗಿಟ್ಟು ಬೇರೆ ಕಾರು ಹತ್ತಿದರು. ಸರ್ಕಲ್ಲಿನ ಡ್ರೈವರುಗಳೆಲ್ಲ ನೋಡಿದರು.

ಮನೆಗೆ ಬಂದು ಬಾಗಿಯ ಮೇಲೆ ಕೂಗಾಡಿದೆ. ಹತ್ತು ಅಡಿ ಎಂದರೆ ಹತ್ತು ಅಡಿ, ನಿನಗೆ ಎಷ್ಟು ಸಲ ಹೇಳಬೇಕು, ನಾನಿಲ್ಲದಾಗ ಒಳಗೆ ಕೂತು ನೋಡಿದೆಯಾ, ನಿನ್ನ ಬುಟ್ಟಿಯಿಂದ ನನ್ನ ಹೊಟ್ಟೆಗೆ ಕಲ್ಲು ಬಿತ್ತು, ಎಂದೆಲ್ಲ. ಅವಳು ಬುಟ್ಟಿ ಎತ್ತಿಕೊಂಡು ಹೊರಗೆ ಹೋದಳು. ತಪ್ಪಿಲ್ಲದಿದ್ದರೆ ಸುಮ್ಮನಿರುವ ಹೆಂಗಸಲ್ಲ ಅವಳು.

ಆಗಸ್ಟ್ 14, ಗುರುವಾರ

ಬಾಗಿ ಬುಟ್ಟಿಯನ್ನು ಮನೆಗೆ ತರುತ್ತಿಲ್ಲ. ರಸ್ತೆಯ ಆಚೆ ಅಮ್ಮಣ್ಣಿಯ ಕೊಟ್ಟಿಗೆಯಲ್ಲಿ ಇಡುತ್ತಾಳಂತೆ. ಬಾವಿಕಟ್ಟೆಯಲ್ಲಿ ಮಿಂದು ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಾಳೆ. ಒಳ್ಳೆಯದೇ ಆಯಿತು.

ಆಗಸ್ಟ್ 20, ಬುಧವಾರ

ಬಾಗಿ ದೂರ ನಿಂತರೂ ವಾಸನೆ ಹೋಗಿದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ಹುಟ್ಟಿದಂದಿನಿಂದ ಕಡಲ ಬದಿಯಲ್ಲಿದ್ದ ಮೂಗು. ಮೀನು ಮುಟ್ಟದವರ ಮೂಗು ಬೇಕು ಎಂದು ಯೋಚಿಸುವಾಗ ಹೇರ್ಳೆ ಮಾಷ್ಟ್ರ ನೆನಪಾಯಿತು. ತಲ್ಲೂರಿನಲ್ಲಿದ್ದಾರೆ, ಎಂಬತ್ತು ದಾಟಿದೆ. ನೀರುಳ್ಳಿ ಹೆಚ್ಚಿದ ಚೂರಿಯನ್ನು ಸಹ ಬೇರೆ ಇಡುವ ಮನೆ.

ಕಾರು ಗೇಟಿನ ಹತ್ತಿರ ನಿಲ್ಲಿಸಿ ವಿಷಯ ಹೇಳಿದೆ. ಅವರಿಗೆ ಪರೀಕ್ಷೆ ಎಂದರೆ ಈಗಲೂ ಖುಷಿ. ಶಾಲು ಸರಿ ಮಾಡಿ ಬಂದು ಕಿಟಕಿಯಿಂದ ತಲೆ ಒಳಗೆ ಹಾಕಿದವರು ಅಷ್ಟೇ ಬೇಗ ಹೊರಗೆ ತೆಗೆದರು.

“ಹ್ವಾಯ್ ದೇವೂ, ಸೀಟಿಗ್ ಎಂತ ಹಚ್ಚಿದ್ದೆ ಮಾರಾಯಾ?”

“ದೋಣಿಗ್ ಹಚ್ಚುದೇ ಮಾಷ್ಟ್ರೆ. ಬೈಗೆ ಎಣ್ಣಿ.”

ಮಾಷ್ಟ್ರು ಗೇಟು ಹಿಡಿದು ನಗತೊಡಗಿದರು. ಹಲ್ಲಿನ ಸೆಟ್ಟು ಕೈಗೆ ಬರುವವರೆಗೆ ನಕ್ಕರು. “ಸೀಟಿಗ್ ಮೀನ್ ಅರ್ದ್ ಹಚ್ಚಿ ವಾಸ್ನಿ ಎಲ್ಲಿಂದ ಬಂತ್ ಅಂಬ್ರಲ್ಲ! ಮಳಿಗಾಲ ತಣ್ಣಗಿತ್ತ್, ಗೊತ್ತಾಯ್ಲಿಲ್ಲೆ. ಬಿಸ್ಲ್ ಬಿದ್ದದ್ದೇ ಎದ್ದ್ ಬಂತ್.”

ಮನೆಯಲ್ಲಿ ಮೂರು ಜನ ಮೂಸಿದ್ದು ನೆನಪಾಯಿತು. ಮೂರು ಜನವೂ ಮೀನಿನವರೇ. ಬಾಗಿ ಅಂದೇ ಹೇಳಿದ್ದಳು.

ಕೈಲಾಗದವ ಮೈ ಪರಚಿಕೊಂಡ ಅನ್ನುತ್ತಾರೆ. ನಾನು ನನ್ನ ಮೈಯನ್ನೂ ಪರಚಿಕೊಳ್ಳಲಿಲ್ಲ, ಅವಳದ್ದನ್ನು ಪರಚಿದೆ. ಹೇಳಬೇಕು. ಇವತ್ತು ಮನೆಗೆ ಬಂದಾಗ ಅವಳು ಮೈ ಬಿಸಿ ಎಂದು ಮಲಗಿದ್ದಳು. ನಾಳೆ ಹೇಳುತ್ತೇನೆ.

ಆಗಸ್ಟ್ 22, ಶುಕ್ರವಾರ

ಹೇಳಲಿಲ್ಲ. ನಿನ್ನೆ ಅವಳು ಜ್ವರದಲ್ಲೇ ಮೀನಿಗೆ ಹೋದಳು.

ಕುಂದಾಪುರದಲ್ಲಿ ಸೀಟು ಹೊಲಿಯುವ ರಾಜೀವನ ಹತ್ತಿರ ಹೋಗಿದ್ದೆ. ಮೊದಲೇ ಹೋಗಬೇಕಿತ್ತು, ಆದರೆ ಬುದ್ಧಿ ಯಾವಾಗಲೂ ಹಿಂದಿನ ಬಸ್ಸಿಗೇ ಬರುತ್ತದೆ. ಅವನು ಸೀಟಿನ ಮೇಲೆ ಒಂದು ಹನಿ ನೀರು ಹಾಕಿ ನೋಡಿದ, ಮಡಿಕೆಯಲ್ಲಿ ಉಗುರು ಒತ್ತಿದ, ನನ್ನನ್ನು ಒಮ್ಮೆ ನೋಡಿದ. “ಎಣ್ಣಿ ಕುಡ್ಸ್ಬೇಡಿ ದೇವಣ್ಣ. ಚರ್ಮಕ್ಕ್ ಎಣ್ಣಿ ಬೇಕ್ ಅಂಬುದ್ ಚಪ್ಲಿ ಕಾಲದ್ ಮಾತ್. ಇದಕ್ಕ್ ಮೇಲಿಂದ ಬಣ್ಣದ್ ಪದರ ಇತ್ತ್. ಧೂಳ್ ತೆಗೀಕ್, ಒಂಚೂರ್ ಕ್ರೀಮ್ ಹಚ್ಕ್, ಒಣ ಬಟ್ಟಿಯಂಗೆ ಒರ್ಸ್ಕ್. ಅಷ್ಟೇ.”

ಐದು ಲೀಟರಿನ ಕ್ಯಾನಿನಲ್ಲಿ ಬಿಳಿ ಕ್ರೀಮು ಇಟ್ಟುಕೊಂಡಿದ್ದಾನೆ, ಹೊಲಿದ ಸೀಟಿಗೆಲ್ಲ ಅದೇ ಹಚ್ಚುವುದಂತೆ. ಕಾಲು ಲೀಟರು ಎಪ್ಪತ್ತು ರೂಪಾಯಿ. ಒಂದು ಸೀಟಿಗೆ ಒಂದು ಅಡಿಕೆಯಷ್ಟು ಸಾಕು, ನಾಲ್ಕು ತಿಂಗಳು ಬರುತ್ತದೆ. ನಾನು ಕುಣಿಯುವುದೊಂದು ಬಾಕಿ. ಆದರೆ ಕೊಡಲಿಲ್ಲ. “ವಾಸ್ನಿ ಹೋಯ್ಲಿ ಮೊದ್ಲ್. ಈಗ ಹಚ್ರೆ ವಾಸ್ನಿ ಒಳ್ಗ್ ಹಾಕಿ ಬಾಗ್ಲ್ ಮುಚ್ದಂಗೆ.”

ವಾಸನೆ ಹೇಗೆ ತೆಗೆಯುವುದು ಎಂದರೆ, ಇಪ್ಪತ್ತು ವರ್ಷದಲ್ಲಿ ಯಾರೂ ಸೀಟಿಗೆ ಮೀನೆಣ್ಣೆ ಹಚ್ಚಿ ತಂದಿರಲಿಲ್ಲ, ಹಾಗಾಗಿ ಗೊತ್ತಿಲ್ಲ ಎಂದ.

ಆಗಸ್ಟ್ 29, ಶುಕ್ರವಾರ

ಕಾಫಿಪುಡಿ. ಲಿಂಬೆಹಣ್ಣು. ಸೋಡಾಪುಡಿ. ಊದುಬತ್ತಿ. ಕಡೆಗೆ ಸೀಟಿನ ಕೆಳಗೆ ಕರ್ಪೂರದ ಪೊಟ್ಟಣ.

ಮಾಷ್ಟ್ರು ಮೂಸಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತರು. “ಮೊದ್ಲೇ ಅಡ್ಡಿಲ್ಲೆ ಇದ್ದಿತ್ ಮಾರಾಯಾ. ಈಗ ದೇವಸ್ಥಾನದಂಗೆ ಯಾರೋ ಮೀನ್ ಬೇಯ್ಸ್ದಂಗಿತ್ತ್.”

ಇನ್ನು ಇಪ್ಪತ್ತೆಂಟು ದಿನ.

ಸೆಪ್ಟೆಂಬರ್ 5, ಶುಕ್ರವಾರ

ಚೌತಿ ಕಳೆಯಿತು. ಸಂಜೆ ಜಗಲಿಯಲ್ಲಿ ತಲೆಗೆ ಕೈಕೊಟ್ಟು ಕೂತಿದ್ದೆ. ಬಾಗಿ ಹಿತ್ತಲಿನಿಂದಲೇ ಮಾತಾಡಿದಳು, ಮೂರು ವಾರದಲ್ಲಿ ಅವಳಾಗಿ ಆಡಿದ ಮೊದಲ ಮಾತು.

“ತಲ್ಲೂರಂಗೆ ನಾನ್ ಮೀನ್ ಕೊಟ್ಟ್, ಅದೇ ಕೈಯಂಗೆ ಅವ್ರ್ ಶಿಶು ಎತ್ಕಂತೆ. ಯಾರೂ ಎಂತ ಹೇಳ್ಲಿಲ್ಲೆ ಇಷ್ಟ್ ವರ್ಷ. ಹ್ಯಾಂಗೆ ಅಂದೇಳಿ ಕೇಣಿ ಕಾಂಬ.”

“ಹ್ಯಾಂಗೆ?”

“ಅಂಟುವಾಳ.”

ಹಿಂದಿನ ದಿನ ಒಂದು ಮುಷ್ಟಿ ಅಂಟುವಾಳಕಾಯಿ ಜಜ್ಜಿ ನೆನೆಹಾಕಬೇಕಂತೆ. ಬೆಳಿಗ್ಗೆ ಕಿವುಚಿದರೆ ನೊರೆ. ಆ ನೊರೆಯಲ್ಲಿ ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸುವುದು, ಕೂಡಲೇ ಒಣಬಟ್ಟೆ. ಗಾಜು ಇಳಿಸಿ ನೆರಳಿನಲ್ಲಿ ಗಾಳಿಗೆ ಬಿಡುವುದು. ಒಂದು ದಿನದ ಕೆಲಸ ಅಲ್ಲ, ಎಂಟು ಹತ್ತು ದಿನ. ಅವಳು ಆಗಲೇ ನೆನೆಹಾಕಿ ಇಟ್ಟಿದ್ದಳು.

ಸೆಪ್ಟೆಂಬರ್ 9, ಮಂಗಳವಾರ

ದಿನಾ ಬೆಳಿಗ್ಗೆ ಮೀನಿಗೆ ಹೋಗುವ ಮೊದಲು ಬಾಗಿ ಬಟ್ಟೆ ಹಿಂಡಿ ಹಿಂಡಿ ಕೊಡುತ್ತಾಳೆ, ನಾನು ಒಳಗೆ ಕೂತು ಒರೆಸುತ್ತೇನೆ. ಬಟ್ಟೆ ಮೊದಲ ದಿನ ಚಹಾದ ಬಣ್ಣಕ್ಕೆ ಬಂತು, ಈಗ ತಿಳಿಯಾಗಿದೆ. ಅವಳು ಹೊರಗೆ ನಿಂತು ಕೈ ಉದ್ದ ಮಾಡಿ ಬಟ್ಟೆ ಕೊಡುತ್ತಾಳೆ. ಬಾಗಿಲ ಚೌಕಟ್ಟನ್ನು ಮುಟ್ಟುವುದಿಲ್ಲ. ಒಳಗೆ ಬಗ್ಗಿದರೆ ಬೇಗ ಆಗುತ್ತಿತ್ತು ಎಂದೆ. “ಹತ್ತ್ ಅಡಿ,” ಎಂದಳು. ತಮಾಷೆಗೆ ಹೇಳಿದಳೋ ಹೇಗೋ, ಮುಖ ನೋಡಿದರೆ ತಿಳಿಯಲಿಲ್ಲ.

ಎಣ್ಣೆಯ ವಿಷಯ ಇವತ್ತೂ ಹೇಳಲಿಲ್ಲ. ಬಾಯಿಯವರೆಗೆ ಬರುತ್ತದೆ.

ಸೆಪ್ಟೆಂಬರ್ 13, ಶನಿವಾರ

ಮಾಷ್ಟ್ರು ನೂರಕ್ಕೆ ಎಪ್ಪತ್ತು ಅಂಕ ಕೊಟ್ಟರು. ಏಳನೇ ಕ್ಲಾಸಿನಲ್ಲಿ ನನಗೆ ಅಷ್ಟು ಎಂದೂ ಬಂದಿರಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಇವತ್ತು ಮಾಷ್ಟ್ರು ಮುಂದಿನ ಸೀಟು ಮೂಸಿದರು, ಹಿಂದಿನದ್ದು ಮೂಸಿದರು, ಡಿಕ್ಕಿ ತೆಗೆಸಿದರು. “ಕಾರಂಗೆ ಎಂತ ಇಲ್ಲೆ. ಪಾಸ್.” ನಾನು ಕಾಲಿಗೆ ಬೀಳಲು ಬಗ್ಗಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು. “ದೇವೂ, ಬೇಜಾರಾಯ್ಕಂಬುದ್ ಬ್ಯಾಡ. ಈಗ ಇಪ್ಪುದ್ ನಿನ್ನತ್ರ.”

ಬಹಳ ಬೇಜಾರಾಯಿತು. ದಾರಿಯಲ್ಲಿ ಕಾರು ನಿಲ್ಲಿಸಿ ಅಂಗಿ ಮೂಸಿದೆ, ತೋಳು ಮೂಸಿದೆ. ಏನೂ ಇಲ್ಲ. ನನಗೆ ಏನೂ ಇಲ್ಲ ಎಂದರೆ ಏನು ಬೆಲೆ ಎಂದು ಈಗ ಗೊತ್ತಿದೆ. ಇಷ್ಟು ದಿನ ಹತ್ತು ಅಡಿಯ ಕಾನೂನು ಮಾಡಿ ಆ ಹತ್ತು ಅಡಿಯ ಒಳಗೆ ನಾನೇ ಕೂತಿದ್ದೆ.

ಸಂಜೆ ಬಾವಿಕಟ್ಟೆಯಲ್ಲಿ ಅಂಟುವಾಳದ ಪಾತ್ರೆ ಇಟ್ಟುಕೊಂಡು ಕೂತೆ. ಬಲಗೈ ಏರುವುದಿಲ್ಲ, ಬೆನ್ನಿಗೆ ಸಿಗುವುದಿಲ್ಲ. ಬಾಗಿ ನೋಡಿ ಬಂದು ನೊರೆ ಕೈಗೆ ತೆಗೆದುಕೊಂಡು ಬೆನ್ನು ತಿಕ್ಕಿದಳು, ಪಾತ್ರೆ ತಿಕ್ಕುವ ಹಾಗೆ. ಮುಖ ಕಾಣದ ಧೈರ್ಯಕ್ಕೆ ಹೇಳಿಬಿಟ್ಟೆ.

“ಆವತ್ತ್ ವಾಸ್ನಿ ನಿನ್ ಬುಟ್ಟಿದಲ್ಲ. ನಾನ್ ಹಚ್ಚಿದ್ ಎಣ್ಣಿದ್.”

“ಗೊತ್ತಿತ್ತ್.”

“ಯಾವಾಗಿಂದ?”

“ಆವತ್ತಿಂದ್ಲೇ. ಎಣ್ಣಿ ಸೀಸೆ ತೊಳ್ದಿಟ್ಟದ್ದ್ ನಾನಲ್ದಾ?”

“ಹಂಗಾರೆ ಎಂತಕೆ ಹೇಳ್ಲಿಲ್ಲೆ?”

“ನೀವ್ ಕೇಣ್ಲಿಲ್ಲೆ. ಬೈದ್ರಿ.” ಒಂದು ಕೊಡ ನೀರು ತಲೆಯ ಮೇಲೆ ಸುರಿದು ಹೋದಳು.

ಸೆಪ್ಟೆಂಬರ್ 22, ಸೋಮವಾರ

ರಾಜೀವ ಕ್ರೀಮು ಕೊಟ್ಟ. ಸೀಟಿಗೊಂದು ಅಡಿಕೆಯಷ್ಟು. ಹೊಳೆಯುವುದಿಲ್ಲ, ಜಾರುವುದಿಲ್ಲ, ಕೈಗೆ ಅಂಟುವುದಿಲ್ಲ, ಚರ್ಮ ಚರ್ಮದ ಹಾಗೇ ಇದೆ. ಇಷ್ಟಕ್ಕೆ ಮೂರು ತಿಂಗಳು ಬೇಕಾಯಿತು. ನಾಲ್ಕು ದಿನ ಬಾಕಿ, ನಿದ್ದೆ ಸರಿಯಾಗಿ ಬರುತ್ತಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಆಯಿತು. ರೋಹನ್ ಒಪ್ಪಿದರು.

ಹಿಂದಿನ ಸೀಟಿನಲ್ಲಿ ಕೂತು ಗಾಜು ಏರಿಸಿ, ಎ.ಸಿ. ನಿಲ್ಲಿಸಿ, ಬಿಸಿಲಲ್ಲಿ ಐದು ನಿಮಿಷ ಸುಮ್ಮನಿದ್ದರು. ನಾನು ಹೊರಗೆ ನಿಂತು ಬೆವರಿದೆ. ಬಾಗಿಲು ತೆಗೆದು, “ಇಷ್ಟು ಚೆನ್ನಾಗಿ ಇಟ್ಟಿದ್ದೀರಲ್ಲ, ಯಾವ ಕಂಪನಿಯದ್ದು ಹಾಕ್ತೀರಿ?” ಎಂದರು. ಹೇಳಿದರೆ ನಂಬುವುದಿಲ್ಲ, ನಕ್ಕುಬಿಟ್ಟೆ. ಮಂಗಳವಾರ ಬೆಳಿಗ್ಗೆ ಐದಕ್ಕೆ ಬೈಂದೂರು ಸ್ಟೇಷನ್, ಮೊದಲ ಗಿರಾಕಿ. ಆರು ತಿಂಗಳ ಕೆಲಸ.

ಹೊರಡುವಾಗ ಒಂದು ಮಾತು ಕೇಳಿದರು: “ತಪ್ಪು ತಿಳಿಬೇಡಿ ದೇವಣ್ಣ, ಮನೆಯಲ್ಲಿ ಮೀನಿನ ವ್ಯಾಪಾರ ಅಂತ ಕೇಳಿದೆ. ಕಾರಲ್ಲಿ ಓಡಾಡ್ತಾರಾ?”

“ಇಲ್ಲ ಸಾರ್. ನನ್ನ ಹೆಂಡತಿ ಇದುವರೆಗೂ ಈ ಕಾರು ಹತ್ತಿಲ್ಲ,” ಎಂದೆ. ಎದೆ ಉಬ್ಬಿಸಿಯೇ ಹೇಳಿದೆ.

ಬರೆದ ಮೇಲೆ ಅದೇ ಸಾಲನ್ನು ಮೂರು ಸಲ ಓದಿದೆ. ನಿಜವೇ ಬರೆದದ್ದು, ಹೊಡೆದು ಹಾಕಲು ಕಾರಣವಿಲ್ಲ.

ಸೆಪ್ಟೆಂಬರ್ 28, ಭಾನುವಾರ

ಮಧ್ಯಾಹ್ನ ಕುಂದಾಪುರದಿಂದ ಬರುವಾಗ ತಲ್ಲೂರಿನಲ್ಲಿ ಮಳೆ ಹಿಡಿಯಿತು. ಬಸ್ ಸ್ಟಾಪಿನಲ್ಲಿ ಬಾಗಿ ನಿಂತಿದ್ದಳು, ಖಾಲಿ ಬುಟ್ಟಿ ತಲೆಗೆ ಕವಚಿಕೊಂಡು. ನನ್ನ ಮುಂದಿದ್ದ ಬಸ್ಸು ನಿಧಾನ ಮಾಡಿತು, ಬುಟ್ಟಿ ಕಂಡು ಹೊರಟುಹೋಯಿತು. ನಾನು ಬ್ರೇಕು ಹಾಕಿದೆ.

“ಹತ್ತ್ ಬಾಗಿ.”

“ಬ್ಯಾಡ. ಇನ್ನೊಂದ್ ಬಸ್ ಬತ್ತ್.”

“ಹತ್ತ್ ಅಂ‌ದೆ.”

ಹಿಂದಿನ ಬಾಗಿಲು ತೆರೆದ ಸದ್ದು ಕೇಳಿತು, ಮುಚ್ಚಿದ ಸದ್ದು ಕೇಳಿತು. ಹೊರಟೆ. ಹೆಮ್ಮಾಡಿ ದಾಟುವಾಗ ಕನ್ನಡಿ ನೋಡಿದೆ. ಸೀಟು ಮಾತ್ರ ಕಂಡಿತು, ಬಾಗಿ ಇರಲಿಲ್ಲ. ಹೆದರಿ ತಿರುಗಿ ನೋಡಿದರೆ ಅವಳು ಕೆಳಗೆ ಮ್ಯಾಟಿನ ಮೇಲೆ ಕೂತಿದ್ದಾಳೆ, ಮೊಣಕಾಲು ಮಡಚಿ, ಬುಟ್ಟಿ ಮಡಿಲಲ್ಲಿಟ್ಟು, ಸೀರೆಯ ಒದ್ದೆ ಸೀಟಿಗೆ ತಾಗದ ಹಾಗೆ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು.

“ಮೇಲ್ ಕೂಕೋ ಮಾರಾಯ್ತಿ.”

“ಸೀಟ್ ಹಾಳಾತ್ತ್. ಇಲ್ಲೇ ಅಡ್ಡಿಲ್ಲೆ.” ಸಿಟ್ಟಿನಲ್ಲಿ ಹೇಳಲಿಲ್ಲ. ಬಸ್ಸಿನಲ್ಲಿ ಸೀಟಿಲ್ಲದಿದ್ದರೆ ಹೇಳುವ ಹಾಗೆ ಹೇಳಿದಳು.

ಮುಳ್ಳಿಕಟ್ಟೆ, ತ್ರಾಸಿ. ಮನೆಯವರೆಗೂ ನನ್ನ ಕಾರಿನಲ್ಲಿ ನನ್ನ ಹೆಂಡತಿ ನೆಲದಲ್ಲಿ ಕೂತು ಬಂದಳು. ನಾನೇ ಕೂರಿಸಿದ್ದು. ಕಣ್ಣಲ್ಲಿ ನೀರು ಬಂತು, ಬಂದದ್ದನ್ನು ಬರೆಯುತ್ತೇನೆ.

ಸೆಪ್ಟೆಂಬರ್ 29, ಸೋಮವಾರ

ಬೆಳಿಗ್ಗೆ ಬಾಗಿ ಗಂಗೊಳ್ಳಿಯಿಂದ ಮೀನು ತಂದು ಬಸ್ಸಿಗೆ ಹೊರಟಿದ್ದಳು. ಬುಟ್ಟಿ ಅವಳ ತಲೆಯಿಂದ ಇಳಿಸಿ ಡಿಕ್ಕಿಯಲ್ಲಿ ಗೋಣಿ ಹಾಸಿ ಇಟ್ಟೆ. ಹುಚ್ಚು ಹಿಡಿಯಿತಾ, ನಾಳೆ ಸ್ಟೇಷನ್ನಿಗೆ ಹೋಗಬೇಕು, ಆ ಮ್ಯಾನೇಜರಿಗೆ ಎಂತ ಹೇಳಿದಿರಿ ನೆನಪಿಲ್ಲವಾ ಎಂದು ಅವಳೇ ನನಗೆ ಬೈದಳು. ಹಿಂದಿನ ಬಾಗಿಲು ಹಿಡಿದು ನಿಂತೆ. ಕೆಳಗೆ ಕೂರುವುದಾದರೆ ನಾನೂ ಕೆಳಗೇ ಕೂರುತ್ತೇನೆ, ಕಾರು ಯಾರು ಓಡಿಸುತ್ತಾರೋ ಓಡಿಸಲಿ ಎಂದೆ. ರಸ್ತೆಯ ಆಚೆಯಿಂದ ಅಮ್ಮಣ್ಣಿ ನೋಡುತ್ತಿದ್ದಳು.

ಹತ್ತಿದಳು. ಸೀಟಿನ ತುದಿಯಲ್ಲಿ ನಾಲ್ಕು ಬೆರಳು ಜಾಗದಲ್ಲಿ ಕೂತು, ಕೇರಳದ ಅಜ್ಜಿಯ ಹಾಗೆ ಬಾಗಿಲ ಹಿಡಿ ಹಿಡಿದಳು. ಹೆಮ್ಮಾಡಿಯವರೆಗೆ ಹಾಗೇ. ಆಮೇಲೆ ಕನ್ನಡಿಯಲ್ಲಿ ನೋಡಿದರೆ ಬೆನ್ನು ಹಿಂದಕ್ಕೆ ಒರಗಿತ್ತು, ಕೈ ಸೀಟು ಸವರುತ್ತಿತ್ತು. “ಎಷ್ಟ್ ಮೆತ್ತಗಿತ್ತ್ ಮಾರಾಯ್ರೆ,” ಎಂದಳು, ಕಿಟಕಿಗೆ ಹೇಳಿದ ಹಾಗೆ.

ತಲ್ಲೂರಿನಲ್ಲಿ ಮಾಷ್ಟ್ರ ಗೇಟಿನ ಹತ್ತಿರ ಅವಳು ಮೀನು ಕೊಡುವ ಮೊದಲ ಮನೆ. ಕಾರು ಕಂಡದ್ದೇ ಮಾಷ್ಟ್ರು ಅಭ್ಯಾಸಬಲದಿಂದ ಶಾಲು ಹೊದ್ದು ಬಂದರು. ನಾನು ಹೇಳುವುದರೊಳಗೆ ನನ್ನ ಕಿಟಕಿಯಿಂದ ತಲೆ ಹಾಕಿ ಮೂಸಿದರು. ಮುಖ ಸಣ್ಣದಾಯಿತು.

“ದೇವೂ, ಮತ್ತೆ ಇತ್ತಲ್ಲ ಮಾರಾಯಾ!”

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉತ್ತರ ಬಂತು.

“ಇದ್ ಎಣ್ಣಿದಲ್ಲ ಮಾಷ್ಟ್ರೆ. ನಂದ್.”

ಮಾಷ್ಟ್ರು ಕನ್ನಡಕ ಸರಿ ಮಾಡಿ ಹಿಂದಿನ ಸೀಟು ನೋಡಿದರು. “ಓ, ಬಾಗಿಯಾ! ಕೂಕೋ, ಕೂಕೋ,” ಎಂದು ತಲೆ ಹೊರಗೆ ತೆಗೆದರು. ಅವಳು ತಕ್ಷಣ ಇಳಿಯಲಿಲ್ಲ. ಸ್ವಲ್ಪ ಹೊತ್ತು ಕೂತೇ ಇದ್ದಳು. ನಾನೂ ಅವಸರ ಮಾಡಲಿಲ್ಲ.

ರೋಹನ್ ಅವರಿಗೆ ನಾಳೆಯೇ ನಿಜ ಹೇಳುತ್ತೇನೆ, ಹೆಂಡತಿ ಈ ಕಾರು ಹತ್ತುತ್ತಾಳೆ, ಗಿರಾಕಿಗಳಿಗೆ ವಾಸನೆ ಬಂದ ದಿನ ನನ್ನನ್ನು ಕೆಲಸದಿಂದ ಬಿಡಿಸಿ ಎಂದು. ಏನು ಹೇಳುತ್ತಾರೋ ಗೊತ್ತಿಲ್ಲ. ಮನೆಗೆ ಬಂದು ಸೀಟು ಒರೆಸಿದೆ, ನಾಲ್ಕೂ ಗಾಜು ಇಳಿಸಿದೆ. ಇವತ್ತು ಬಂಗಡೆ ಹುರಿದಿದ್ದಾಳೆ. ನಾಳೆ ಐದಕ್ಕೆ ಬೈಂದೂರು. ಅಂಟುವಾಳ ಇವತ್ತು ನಾನೇ ಜಜ್ಜಿ ನೆನೆಹಾಕಿದೆ, ಎರಡು ಮುಷ್ಟಿ.